ಟಿವಿಗೆ ಹಾಕಿದರೆ ಕನ್ನಡ ಸಬ್‌ಟೈಟಲ್ ಡಬ್ಬಿ ಡಬ್ಬಿ ಯಾಕಾಗುತ್ತೆ?

ಲ್ಯಾಪ್‌ಟಾಪಿನಲ್ಲಿ ವಿಡಿಯೊ ಚೆನ್ನಾಗಿ ಓಡಿತ್ತು. ಕೆಳಗೆ ಕನ್ನಡ ಸಬ್‌ಟೈಟಲ್ ಕೂಡ ಸರಿಯಾಗಿ ಬರ್ತಿತ್ತು. ಅದನ್ನೇ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಿ ಹಾಲ್‌ನ ಟಿವಿಗೆ ಚುಚ್ಚಿದರೆ ಮೂರರಲ್ಲಿ ಒಂದು ಆಗುತ್ತೆ. ಸಬ್‌ಟೈಟಲ್ ಬರೋದೇ ಇಲ್ಲ. ಬಂದರೂ ಅಕ್ಷರದ ಬದಲು ಚೌಕ ಚೌಕ ಡಬ್ಬಿ. ಅಕ್ಷರ ಸರಿ ಇದ್ದರೆ ಮಾತು ಮುಗಿದು ಎಷ್ಟೋ ಹೊತ್ತಾದ ಮೇಲೆ ಸಾಲು ಮೂಡುತ್ತೆ.

ಆಗ ನಾವು ಮಾಡೋದು ಒಂದೇ ಕೆಲಸ. ಫೋನ್ ತೆಗೆದು 'ಸಬ್‌ಟೈಟಲ್ ಕನ್ವರ್ಟರ್' ಅಂತ ಹುಡುಕ್ತೀವಿ. ಮೊದಲು ಸಿಕ್ಕ ಸೈಟಿಗೆ ಫೈಲ್ ಕೊಟ್ಟು ಫಾರ್ಮ್ಯಾಟ್ ಬದಲಿಸಿ ಮತ್ತೆ ಪೆನ್‌ಡ್ರೈವಿಗೆ ಹಾಕ್ತೀವಿ. ಮತ್ತೆ ಅದೇ ಡಬ್ಬಿ!

ಯಾಕಂದ್ರೆ ಬಹಳಷ್ಟು ಸಲ ತೊಂದರೆ ಇರೋದು ಫಾರ್ಮ್ಯಾಟಿನಲ್ಲಿ ಅಲ್ಲ. ಒಂದು ಸಬ್‌ಟೈಟಲ್ ಫೈಲ್ ತೆರೆ ಮೇಲೆ ಸರಿಯಾಗಿ ಕಾಣಬೇಕಾದರೆ ನಾಲ್ಕು ವಿಷಯ ಕೂಡಿಬರಬೇಕು: ಫೈಲಿನ ಫಾರ್ಮ್ಯಾಟ್, ಸಮಯದ ಲೆಕ್ಕ, ಅಕ್ಷರಗಳ ಸಂಕೇತ ಮತ್ತು ತೋರಿಸುವ ಸಾಧನದಲ್ಲಿರುವ ಫಾಂಟ್. ಕನ್ವರ್ಟರ್ ಸರಿಪಡಿಸೋದು ಮೊದಲನೆಯದನ್ನು ಮಾತ್ರ. ಕನ್ನಡದ ಮಟ್ಟಿಗೆ ಕೈಕೊಡೋದು ಹೆಚ್ಚಾಗಿ ಕೊನೆಯ ಎರಡು. ಯಾವುದು ಕೆಟ್ಟಿದೆ ಅಂತ ತೆರೆ ನೋಡಿಯೇ ಹೇಳೋಕೆ ಬರುತ್ತೆ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕು ಅಂತೇನಿಲ್ಲ.

ಇದೆಲ್ಲ ಯಾರಿಗೆ ಬೇಕು?

ನಮ್ಮ ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಕಿವಿ ಹೆಚ್ಚೂಕಮ್ಮಿ ಹೋಗಿದೆ. ಪೇಪರನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನ ತನಕ ಓದ್ತಾರೆ. ಆದರೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ನಗುವಾಗ ಅವರು ಎಲ್ಲರ ಮುಖ ನೋಡಿಕೊಂಡು ಸುಮ್ಮನೆ ಕೂತಿರ್ತಾರೆ. ಅವರದೇ ಷಷ್ಟ್ಯಬ್ದಿಯ ಹಳೇ ವಿಡಿಯೊಗೆ ಕನ್ನಡದಲ್ಲಿ ಸಬ್‌ಟೈಟಲ್ ಬರೆದು, ಹೋದ ದೀಪಾವಳಿಗೆ ಊರಿಗೆ ಒಯ್ದಿದ್ದೆ. ಟಿವಿಯಲ್ಲಿ ಹಾಕಿದ ತಕ್ಷಣ ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ನೋಡಿ, "ಇದ್ಯಾವ ಭಾಷೆಯಪ್ಪಾ? ಬರೀ ಕಿಟಕಿ ಕಾಣ್ತವಲ್ಲ" ಅಂದರು. ಫೈಲ್ ಸರಿಯಾಗೇ ಇತ್ತು. ಆ ಟಿವಿಯ ಪ್ಲೇಯರಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಅವತ್ತು ಸಂಜೆಯೇ ಇನ್ನೊಂದು ದಾರಿಯಲ್ಲಿ ಅದನ್ನು ತೋರಿಸಿದ್ದಾಯ್ತು. ಆ ದಾರಿ ಯಾವುದು ಅಂತ ಮುಂದೆ ಹೇಳ್ತೀನಿ.

ಸಬ್‌ಟೈಟಲ್ ಅಂದ್ರೆ ಕೊರಿಯನ್ ಸೀರೀಸ್ ನೋಡೋರಿಗೆ ಮಾತ್ರ ಅನ್ನೋ ಕಾಲ ಹೋಯ್ತು. ಕಿವಿ ಕೇಳದ ಹಿರಿಯರಿಗೆ ಅದು ಬೇಕು. ಅಜ್ಜ ಅಜ್ಜಿಯ ಮಾತು ಅರ್ಧಂಬರ್ಧ ಅರ್ಥವಾಗುವ, ವಿದೇಶದಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೂ ಬೇಕು. ಮೆಟ್ರೊದಲ್ಲಿ ಇಯರ್‌ಫೋನ್ ಇಲ್ಲದೆ ವಿಡಿಯೊ ನೋಡುವ ನಮಗೂ ಬೇಕು.

ಓದು ಕಲಿಯೋರಿಗೂ ಇದರಿಂದ ಉಪಯೋಗವಿದೆ. ಹಾಡು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಕೆಳಗೆ ಸಾಲು ಬಂದರೆ ಜನರ ಓದು ಸುಧಾರಿಸುತ್ತದೆ ಎಂಬ ಯೋಚನೆಯನ್ನು 1996ರಲ್ಲಿ ಮುಂದಿಟ್ಟವರು ಅಹಮದಾಬಾದ್ ಐಐಎಂನ ಬ್ರಿಜ್ ಕೊಠಾರಿ. ದೂರದರ್ಶನದ 'ಚಿತ್ರಹಾರ್', 'ರಂಗೋಲಿ' ಕಾರ್ಯಕ್ರಮಗಳಲ್ಲಿ ಹಿಂದಿ ಹಾಡಿನ ಸಾಲುಗಳು ಹಿಂದಿಯಲ್ಲೇ ಕಾಣಿಸಿಕೊಂಡಿದ್ದು ಆ ಪ್ರಯತ್ನದಿಂದ.

ಕಾನೂನು ಕೂಡ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಕ್ಲೋಸ್ಡ್ ಕ್ಯಾಪ್ಷನ್, ಸಂಜ್ಞಾ ಭಾಷೆ, ಆಡಿಯೊ ವಿವರಣೆ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಅನ್ನುತ್ತದೆ. ಚಿತ್ರಮಂದಿರಗಳ ಸಿನಿಮಾಗಳಿಗೆ ಇಂಥ ಸೌಲಭ್ಯ ಹೇಗಿರಬೇಕು ಅಂತ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ನಮ್ಮ ಮನೆಯ ವಿಡಿಯೊಗೆ ನಾವೇ ಬರೆಯಬೇಕಲ್ವಾ?

ಫೈಲ್ ಒಳಗೆ ಏನಿರುತ್ತೆ?

ಹೆಸರಿನ ಕೊನೆಗೆ ಎಸ್‌ಆರ್‌ಟಿ ಅಂತ ಇರುವ ಫೈಲೇ ಎಲ್ಲ ಕಡೆ ಸಿಗೋದು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಹೀಗಿರುತ್ತೆ:

1
00:00:12,500 --> 00:00:15,200
ಅಜ್ಜಿ, ಹೋಳಿಗೆಗೆ ಬೇಳೆ ಎಷ್ಟು ಹಾಕ್ಲಿ?

2
00:00:15,900 --> 00:00:19,000
ಒಂದು ಪಾವು ಹಾಕು, ಸಾಕು.

ಇಷ್ಟೇ. ಒಂದು ಕ್ರಮಸಂಖ್ಯೆ, ಸಾಲು ಯಾವಾಗ ಬರಬೇಕು, ಯಾವಾಗ ಹೋಗಬೇಕು ಅನ್ನೋ ಸಮಯ, ಮಾತು, ಆಮೇಲೆ ಒಂದು ಖಾಲಿ ಸಾಲು. ಸಮಯದಲ್ಲಿ ಗಂಟೆ, ನಿಮಿಷ, ಸೆಕೆಂಡ್ ಆದ ಮೇಲೆ ಅಲ್ಪವಿರಾಮ, ನಂತರ ಮಿಲಿಸೆಕೆಂಡ್. ಡಾಟ್ ಬದಲು ಅಲ್ಪವಿರಾಮ ಯಾಕೆ ಅಂದ್ರೆ, ಈ ಫಾರ್ಮ್ಯಾಟ್ ಹುಟ್ಟಿದ್ದು ಸಬ್‌ರಿಪ್ ಅನ್ನೋ ತಂತ್ರಾಂಶದಿಂದ, ಅದನ್ನು ಬರೆದದ್ದು ಫ್ರಾನ್ಸಿನಲ್ಲಿ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೇ ಬಳಸ್ತಾರೆ.

ಎರಡನೆಯದು ವೆಬ್‌ವಿಟಿಟಿ. ಬ್ರೌಸರಿನಲ್ಲಿ ಓಡುವ ವಿಡಿಯೊಗಳಿಗೆ ಅಂತ ಎಸ್‌ಆರ್‌ಟಿಯನ್ನೇ ತಿದ್ದಿ ಮಾಡಿದ್ದು. ಮೊದಲು ಇದರ ಹೆಸರು ವೆಬ್‌ಎಸ್‌ಆರ್‌ಟಿ ಅಂತಲೇ ಇತ್ತು. ವ್ಯತ್ಯಾಸ ಎರಡೇ ಅಂತ ಇಟ್ಕೊಳ್ಳಿ: ಫೈಲಿನ ಮೊದಲ ಸಾಲಿನಲ್ಲಿ ಅದರ ಹೆಸರು ದೊಡ್ಡಕ್ಷರದಲ್ಲಿ ಇರಬೇಕು, ಸೆಕೆಂಡಿನ ನಂತರ ಅಲ್ಪವಿರಾಮದ ಬದಲು ಡಾಟ್ ಇರಬೇಕು. ಈ ಒಂದು ಚುಕ್ಕಿಗೋಸ್ಕರ ಎಷ್ಟೋ ಜನ ಅರ್ಧ ದಿನ ಕಳೆದುಕೊಳ್ತಾರೆ. ಎಸ್‌ಆರ್‌ಟಿ ಫೈಲಿನ ಹೆಸರಷ್ಟೇ ಬದಲಿಸಿ ವಿಟಿಟಿ ಅಂತ ಮಾಡಿದರೆ ಬ್ರೌಸರ್ ಒಪ್ಪಲ್ಲ. ತಪ್ಪು ಏನು ಅಂತಲೂ ಹೇಳಲ್ಲ, ಸಬ್‌ಟೈಟಲ್ ತೋರಿಸದೆ ಸುಮ್ಮನಿರುತ್ತೆ.

ಮೂರನೆಯದು ಎಎಸ್‌ಎಸ್. ಜಪಾನಿನ ಅನಿಮೆ ಅಭಿಮಾನಿಗಳ ಬಳಗದಲ್ಲಿ ಬೆಳೆದದ್ದು. ಬಣ್ಣ, ಫಾಂಟ್, ತೆರೆಯ ಯಾವ ಮೂಲೆಯಲ್ಲಿ ಬರಬೇಕು ಅನ್ನೋದು, ಹಾಡಿಗೆ ತಕ್ಕಂತೆ ಅಕ್ಷರ ಹೊಳೆಯೋದು ಎಲ್ಲ ಇದರಲ್ಲಿ ಮಾಡಬಹುದು. ಇದನ್ನು ಎಸ್‌ಆರ್‌ಟಿಗೆ ಇಳಿಸಿದರೆ ಆ ಅಲಂಕಾರ ಹೆಚ್ಚುಕಡಿಮೆ ಎಲ್ಲ ಉದುರಿಹೋಗುತ್ತೆ, ಮಾತು ಮತ್ತು ಸಮಯ ಉಳಿಯುತ್ತೆ. ಕಳಪೆ ಕನ್ವರ್ಟರ್ ಆದರೆ ಅಲಂಕಾರದ ಗುರುತುಗಳನ್ನು ತೆಗೆಯದೆ ಬಿಟ್ಟಿರುತ್ತೆ. ಆಗ ಮಾತಿನ ಮಧ್ಯೆ ಪುಷ್ಪಾವರಣಗಳು, ಓರೆಗೆರೆ ಪಕ್ಕ ಒಂದು 'ಎನ್' ಅಕ್ಷರ ಕಾಣಿಸುತ್ತೆ. ಆ ಎನ್ ಅಂದ್ರೆ 'ಇಲ್ಲಿಂದ ಹೊಸ ಸಾಲು' ಅಂತ ಪ್ಲೇಯರಿಗೆ ಕೊಟ್ಟ ಸೂಚನೆ, ನಾವು ಓದಬೇಕಾದ್ದಲ್ಲ.

ನಾಲ್ಕನೆಯದು ಮೋಸದ ಆಸಾಮಿ: ಹೆಸರಿನ ಬಾಲದಲ್ಲಿ ಎಸ್‌ಯುಬಿ ಅಂತ ಇರುವ ಫೈಲ್. ಒಂದೇ ಬಾಲದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಒಂದು ಮೈಕ್ರೊಡಿವಿಡಿ. ಅದು ಪಠ್ಯವೇ, ಆದರೆ ಸಮಯದ ಬದಲು ಫ್ರೇಮ್ ಸಂಖ್ಯೆ ಇರುತ್ತೆ. ಇನ್ನೊಂದು ವೋಬ್‌ಸಬ್. ಡಿವಿಡಿಯಿಂದ ತೆಗೆದದ್ದು, ಪಕ್ಕದಲ್ಲಿ ಐಡಿಎಕ್ಸ್ ಅನ್ನೋ ಜೋಡಿ ಫೈಲ್ ಇರುತ್ತೆ. ಇದರಲ್ಲಿ ಅಕ್ಷರವೇ ಇಲ್ಲ, ಪ್ರತಿ ಸಾಲಿನ ಚಿತ್ರ ಇರುತ್ತೆ. ಬ್ಲೂ-ರೇ ಡಿಸ್ಕಿನ ಸಬ್‌ಟೈಟಲ್ ಕೂಡ ಚಿತ್ರವೇ. ಚಿತ್ರವನ್ನು ಎಸ್‌ಆರ್‌ಟಿ ಮಾಡಬೇಕಂದ್ರೆ ಕಂಪ್ಯೂಟರ್ ಅದನ್ನು ನೋಡಿ ಓದಬೇಕು, ಅಂದರೆ ಓಸಿಆರ್ ಆಗಬೇಕು. ಟೆಸರಾಕ್ಟ್ ಅನ್ನೋ ಉಚಿತ ಓಸಿಆರ್ ತಂತ್ರಾಂಶಕ್ಕೆ ಕನ್ನಡವೂ ಬರುತ್ತೆ. ಆದರೆ ಒತ್ತಕ್ಷರಗಳಲ್ಲಿ ಎಡವುತ್ತೆ, ಹಾಗಾಗಿ ಕೂತು ತಿದ್ದುವ ತಾಳ್ಮೆ ಬೇಕು.

ಕನ್ನಡಕ್ಕೆ ಜಾಗವೇ ಇರದ ಕಾಲ

ಕನ್ನಡಕ್ಕೇ ಯಾಕೆ ಈ ಗೋಳು ಅನ್ನಿಸಬಹುದು. ಹಳೆಯ ಫಾರ್ಮ್ಯಾಟ್‌ಗಳನ್ನು ನೋಡಿದರೆ ಗೊತ್ತಾಗುತ್ತೆ. ಯುರೋಪಿನ ಟಿವಿ ಕೇಂದ್ರಗಳು ಪರಸ್ಪರ ಸಬ್‌ಟೈಟಲ್ ಹಂಚಿಕೊಳ್ಳಲು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 1991ರಲ್ಲಿ ಎಸ್‌ಟಿಎಲ್ ಅನ್ನೋ ಫಾರ್ಮ್ಯಾಟ್ ಪ್ರಕಟಿಸಿತು. ಅದರಲ್ಲಿ ಐದು ಅಕ್ಷರ ಕೋಷ್ಟಕಗಳಿದ್ದವು: ಲ್ಯಾಟಿನ್, ಸಿರಿಲಿಕ್, ಅರೇಬಿಕ್, ಗ್ರೀಕ್, ಹೀಬ್ರೂ. ಭಾರತದ ಯಾವ ಲಿಪಿಯೂ ಇಲ್ಲ. ಅಮೆರಿಕದ ಹಳೇ ಕ್ಲೋಸ್ಡ್ ಕ್ಯಾಪ್ಷನ್ ವ್ಯವಸ್ಥೆಯೂ ಲ್ಯಾಟಿನ್ ಅಕ್ಷರಗಳಿಗೆ ಮಾಡಿದ್ದು. ಅಂಥ ಫಾರ್ಮ್ಯಾಟಿಗೆ ಕನ್ನಡವನ್ನು 'ಕನ್ವರ್ಟ್' ಮಾಡ್ತೀನಿ ಅಂದರೆ ಹಾಕೋಕೆ ಜಾಗವೇ ಇಲ್ಲ. ಡಿವಿಡಿಯಲ್ಲಿ ಮಾತ್ರ ಕನ್ನಡಕ್ಕೆ ತೊಂದರೆ ಆಗಲಿಲ್ಲ. ಯಾಕಂದ್ರೆ ಅಲ್ಲಿ ಸಬ್‌ಟೈಟಲ್ ಅಂದ್ರೆ ಚಿತ್ರ, ಚಿತ್ರಕ್ಕೆ ಯಾವ ಲಿಪಿಯಾದರೇನು?

ಅದೇ 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡವೂ ಇತ್ತು. ಕನ್ನಡದ ಪಾಲಿಗೆ 128 ಸ್ಥಾನಗಳ ಒಂದು ಮನೆ ಮೀಸಲಾಯಿತು. ಇವತ್ತು ಎಸ್‌ಆರ್‌ಟಿ, ವೆಬ್‌ವಿಟಿಟಿ, ಎಎಸ್‌ಎಸ್ ಮೂರರಲ್ಲೂ ಕನ್ನಡ ಬರೆಯಬಹುದು ಅಂದರೆ ಅದಕ್ಕೆ ಕಾರಣ ಯೂನಿಕೋಡ್. ಆ ಯೂನಿಕೋಡ್ ಪಠ್ಯವನ್ನು ಫೈಲಿನಲ್ಲಿ ಉಳಿಸುವ ಕ್ರಮಗಳಲ್ಲಿ ಎಲ್ಲ ಕಡೆ ನಡೆಯೋದು ಯುಟಿಎಫ್-8. ವೆಬ್‌ವಿಟಿಟಿಯಂತೂ ಯುಟಿಎಫ್-8ರಲ್ಲೇ ಇರಬೇಕು ಅನ್ನೋದು ನಿಯಮ. ಎಸ್‌ಆರ್‌ಟಿಗೆ ಅಂಥ ನಿಯಮ ಇಲ್ಲ. ಪ್ಲೇಯರ್ ಊಹೆ ಮಾಡುತ್ತೆ, ಊಹೆ ತಪ್ಪಿದರೆ ತೆರೆ ಮೇಲೆ ಗೋಜಲು.

ತೆರೆ ನೋಡಿ ರೋಗ ಹೇಳಿ

ಡಾಕ್ಟರು ನಾಲಿಗೆ ನೋಡಿದ ಹಾಗೆ ಇಲ್ಲಿ ತೆರೆ ನೋಡಬೇಕು. ಐದು ಲಕ್ಷಣಗಳನ್ನು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು, ಚೌಕ ಡಬ್ಬಿಗಳು. ಅಕ್ಷರ ಸಂಕೇತ ಸರಿಯಾಗಿದೆ, ತೋರಿಸಲು ಕನ್ನಡ ಫಾಂಟ್ ಇಲ್ಲ. ಫೈಲನ್ನು ಮುಟ್ಟಲೇಬೇಡಿ. ಫಾಂಟ್ ಇರುವ ಪ್ಲೇಯರ್ ಬಳಸಿ. ಈ ಡಬ್ಬಿಗಳಿಗೆ ತಂತ್ರಜ್ಞರು 'ಟೋಫು' ಅಂತಾರೆ, ಸೋಯಾ ಪನೀರಿನ ತುಂಡಿನ ಹಾಗಿರೋದ್ರಿಂದ. ಗೂಗಲ್‌ನ ಉಚಿತ 'ನೋಟೊ' ಫಾಂಟ್‌ಗಳ ಹೆಸರು ಬಂದದ್ದೇ 'ನೋ ಟೋಫು' ಅನ್ನೋದರಿಂದ. ಅದರಲ್ಲಿ ಕನ್ನಡದ್ದೂ ಇದೆ.

ಎರಡನೆಯದು, ಮೇಲೆ ಓರೆಗೀರು ಇರುವ ಇಂಗ್ಲಿಷಿನ 'ಎ' ಅಕ್ಷರ, ಪಕ್ಕದಲ್ಲಿ ಗಣಿತದ ವರ್ಗ, ಘನದ ಹಾಗೆ ಪುಟ್ಟ ² ಅಥವಾ ³. ಇದು ಸಾಲು ಪೂರ್ತಿ ಮತ್ತೆ ಮತ್ತೆ ಬರುತ್ತೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ತಗೊಳ್ಳುತ್ತೆ, ಅದರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ. ಪ್ಲೇಯರ್ ಅದನ್ನು ಹಳೇ ಇಂಗ್ಲಿಷ್ ಸಂಕೇತ ಅಂತ ತಪ್ಪಾಗಿ ಓದಿದಾಗ ಈ ಮಾದರಿ ಕಾಣುತ್ತೆ. ಫೈಲಿಗೆ ಏನೂ ಆಗಿಲ್ಲ, ಓದುವ ಕ್ರಮ ಬದಲಾಗಬೇಕು ಅಷ್ಟೇ. ವಿಎಲ್‌ಸಿಯಲ್ಲಿ ಸೆಟ್ಟಿಂಗ್ಸ್‌ನ ಸಬ್‌ಟೈಟಲ್ ವಿಭಾಗಕ್ಕೆ ಹೋಗಿ ಎನ್‌ಕೋಡಿಂಗ್ ಯುಟಿಎಫ್-8 ಮಾಡಿ.

ಮೂರನೆಯದು, ಸಾಲು ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೂ ಅವೇ ಕಾಣ್ತಿವೆ ಅಂದರೆ ಸುದ್ದಿ ಕೆಟ್ಟದು. ಯಾರೋ ಕನ್ನಡವನ್ನು ಆನ್ಸಿ ಅನ್ನೋ ಹಳೇ ಸಂಕೇತದಲ್ಲಿ ಉಳಿಸಿದ್ದಾರೆ. ಅದರಲ್ಲಿ ಕನ್ನಡಕ್ಕೆ ಜಾಗ ಇಲ್ಲದ್ದರಿಂದ ಪ್ರತಿ ಅಕ್ಷರ ಪ್ರಶ್ನೆಯಾಗಿ ಹೋಗಿದೆ. ಯಾವ ಕನ್ವರ್ಟರ್ ಕೂಡ ಇದನ್ನು ವಾಪಸ್ ತರಲ್ಲ. ಮೂಲ ಫೈಲ್ ಹುಡುಕಬೇಕು. ವಿಂಡೋಸ್‌ನ ನೋಟ್‌ಪ್ಯಾಡ್ 2019ರ ತನಕ ತಾನಾಗಿ ಆನ್ಸಿಯನ್ನೇ ಆರಿಸಿಕೊಳ್ತಿತ್ತು. ಹಳೇ ಆಫೀಸ್ ಕಂಪ್ಯೂಟರುಗಳಲ್ಲಿ ಈಗಲೂ ಇದು ಆಗಬಹುದು. 'ಸೇವ್ ಆ್ಯಸ್' ಕೊಟ್ಟಾಗ ಕೆಳಗಿರುವ ಎನ್‌ಕೋಡಿಂಗ್ ಕಡೆ ಒಮ್ಮೆ ಕಣ್ಣು ಹಾಯಿಸಿ.

ನಾಲ್ಕನೆಯದು, ಇಂಗ್ಲಿಷ್ ಅಕ್ಷರಗಳ ನಡುವೆ ಪೌಂಡ್ ಹಣದ ಚಿಹ್ನೆ. ಇದು ನುಡಿ ಅಥವಾ ಬರಹದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ನುಡಿಯಲ್ಲಿ 'ನ' ಇದ್ದ ಕಡೆಯೆಲ್ಲ ಪೌಂಡ್ ಚಿಹ್ನೆ ಕಾಣುತ್ತೆ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಸ್ಕ್ರಿಪ್ಟನ್ನು ಹಾಗೇ ಸಬ್‌ಟೈಟಲ್‌ಗೆ ಅಂಟಿಸಿದರೆ ಹೀಗಾಗುತ್ತೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಮಾತಿನ ಸಾಲುಗಳನ್ನು ಮಾತ್ರ ಕೊಡಿ. ಸಮಯದ ಸಾಲುಗಳನ್ನೂ ಕೊಟ್ಟರೆ ಅಂಕಿ, ಬಾಣದ ಗುರುತು ಎಲ್ಲ ಏರುಪೇರಾಗುವ ಭಯ ಇದೆ.

ಐದನೆಯದು, ಕನ್ನಡ ಕಾಣ್ತಿದೆ, ಆದರೆ ಒತ್ತು, ಕೊಂಬು, ದೀರ್ಘ ಎಲ್ಲ ಬಿಡಿ ಬಿಡಿ. 'ಅಕ್ಕ' ಹೋಗಿ 'ಅಕ್‌ಕ' ಆಗಿರುತ್ತೆ. ಪ್ಲೇಯರಿಗೆ ಫಾಂಟ್ ಸಿಕ್ಕಿದೆ, ಅಕ್ಷರ ಜೋಡಿಸೋಕೆ ಬರ್ತಿಲ್ಲ. 'ಸ್ತ್ರೀ' ಅನ್ನೋದು ನಮ್ಮ ಕಣ್ಣಿಗೆ ಒಂದು ಅಕ್ಷರ. ಫೈಲಿನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಅಂತ ಆರು ಸಂಕೇತ. ಆ ಆರನ್ನು ಒಂದಾಗಿ ಬರೆಯೋದು ಪ್ಲೇಯರಿನ ಕೆಲಸ. ಇದೂ ಫೈಲಿನ ತಪ್ಪಲ್ಲ, ಪ್ಲೇಯರ್ ಬದಲಿಸಬೇಕು.

ಇನ್ನೊಂದು ಸಣ್ಣ ವಿಷಯ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಟ ಮತ್ತು ವ ಕೂಡಿಕೊಳ್ಳದಿರಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತೆ. ಕೆಲವು ಕನ್ವರ್ಟರುಗಳು 'ಬೇಡದ ಅಕ್ಷರ ಸ್ವಚ್ಛ ಮಾಡ್ತೀವಿ' ಅಂತ ಅದನ್ನು ತೆಗೆದುಹಾಕುತ್ತವೆ. ಆಗ ಅದು 'ಸಾಫ್ಟ್ವೇರ್' ಆಗುತ್ತೆ. ಕನ್ವರ್ಟ್ ಆದ ಮೇಲೆ ಇಂಥ ಒಂದೆರಡು ಪದ ಹುಡುಕಿ ನೋಡಿ.

ಮಾತು ಮುಂದೆ, ಸಾಲು ಹಿಂದೆ

ಸಮಯ ತಪ್ಪಿದಾಗ ಮೊದಲು ಎರಡು ಕಡೆ ನೋಡಬೇಕು, ವಿಡಿಯೊದ ಶುರು ಮತ್ತು ಕೊನೆ. ಎರಡೂ ಕಡೆ ಒಂದೇ ಅಂತರ, ಅಂದರೆ ಶುರುವಿನಲ್ಲೂ ಕೊನೆಯಲ್ಲೂ ಮೂರು ಸೆಕೆಂಡ್ ತಡ ಅಂದರೆ ಕೆಲಸ ಸುಲಭ. ಇಡೀ ಫೈಲನ್ನು ಮೂರು ಸೆಕೆಂಡ್ ಹಿಂದಕ್ಕೆ ಸರಿಸಿದರಾಯಿತು. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ನೋಡುವಾಗಲೇ ಜಿ ಮತ್ತು ಹೆಚ್ ಕೀಗಳನ್ನು ಒತ್ತಿ ಹಿಂದೆ ಮುಂದೆ ಮಾಡಬಹುದು. ಒಂದು ಸಲ ಒತ್ತಿದರೆ 50 ಮಿಲಿಸೆಕೆಂಡ್.

ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ಅಂತರ ಬೆಳೆದರೆ ಅದು ಫ್ರೇಮ್ ವೇಗದ ಗಲಾಟೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಅಮೆರಿಕದ ಟಿವಿ ಪದ್ಧತಿಗೆ ಹೊಂದಿಸಿದ ಪ್ರತಿಯಲ್ಲಿ ಅದು 23.976 ಆಗುತ್ತೆ. ಯುರೋಪ್ ಮತ್ತು ಭಾರತದ ಪಾಲ್ ಪದ್ಧತಿಯಲ್ಲಿ 25. ಫ್ರೇಮ್ ಸಂಖ್ಯೆ ಹಿಡಿದು ಬರೆದ ಮೈಕ್ರೊಡಿವಿಡಿ ಫೈಲನ್ನು ತೆಗೆದುಕೊಳ್ಳಿ. 90,000ನೇ ಫ್ರೇಮಿನಲ್ಲಿ ಒಂದು ಮಾತು ಇದೆ. 25ರ ಲೆಕ್ಕದಲ್ಲಿ ಅದು ಸರಿಯಾಗಿ ಒಂದು ಗಂಟೆಗೆ ಬರುತ್ತೆ. 23.976ರ ಲೆಕ್ಕ ಹಾಕಿದರೆ ಒಂದು ಗಂಟೆ ಎರಡೂವರೆ ನಿಮಿಷ ದಾಟಿದ ಮೇಲೆ. ಎರಡೂವರೆ ನಿಮಿಷದಲ್ಲಿ ಜಗಳ ಮುಗಿದು ಹಾಡೇ ಶುರುವಾಗಿರುತ್ತೆ!

ಹಾಗಾಗಿ ಎಸ್‌ಯುಬಿಯಿಂದ ಎಸ್‌ಆರ್‌ಟಿ ಮಾಡುವಾಗ ಕನ್ವರ್ಟರ್ 'ಫ್ರೇಮ್ ರೇಟ್ ಎಷ್ಟು?' ಅಂತ ಕೇಳಿದರೆ ಸುಮ್ಮನೆ ಓಕೆ ಒತ್ತಬೇಡಿ. ವಿಡಿಯೊ ಫೈಲಿನ ವಿವರದಲ್ಲಿ ಆ ಸಂಖ್ಯೆ ಇರುತ್ತೆ, ನೋಡಿ ಕೊಡಿ.

ಕನ್ವರ್ಟ್ ಮಾಡೋದು ಯಾವುದರಿಂದ?

ಕಂಪ್ಯೂಟರ್ ಇದ್ದರೆ 'ಸಬ್‌ಟೈಟಲ್ ಎಡಿಟ್' ಅನ್ನೋ ಉಚಿತ, ಓಪನ್ ಸೋರ್ಸ್ ತಂತ್ರಾಂಶ ಒಂದೇ ಸಾಕು. ಇನ್ನೂರಕ್ಕೂ ಹೆಚ್ಚು ಫಾರ್ಮ್ಯಾಟ್ ಅದಕ್ಕೆ ಗೊತ್ತು. ಫೈಲ್ ತೆರೆಯಿರಿ, ಮೇಲಿನ ಪಟ್ಟಿಯಲ್ಲಿ ಬೇಕಾದ ಫಾರ್ಮ್ಯಾಟ್ ಆರಿಸಿ, ಎನ್‌ಕೋಡಿಂಗ್ ಯುಟಿಎಫ್-8 ಇದೆಯಾ ನೋಡಿ, ಸೇವ್ ಮಾಡಿ. ಸಮಯ ಸರಿಸೋದು, ಫ್ರೇಮ್ ವೇಗ ಬದಲಿಸೋದು, ಶುರು ಕೊನೆ ಎರಡು ಸಾಲು ಹೊಂದಿಸಿದರೆ ನಡುವಿನದೆಲ್ಲ ತಾನಾಗಿ ಹೊಂದಿಸಿಕೊಳ್ಳೋದು ಎಲ್ಲ ಅದರಲ್ಲೇ ಇದೆ.

ಕಮಾಂಡ್ ಬರೆದು ಅಭ್ಯಾಸ ಇರುವವರಿಗೆ ಎಫ್‌ಎಫ್‌ಎಂಪೆಗ್ ಇನ್ನೂ ಸಲೀಸು. ಒಳಗೆ ಎಸ್‌ಆರ್‌ಟಿ ಫೈಲಿನ ಹೆಸರು, ಹೊರಗೆ ವಿಟಿಟಿ ಹೆಸರು ಕೊಟ್ಟರೆ ಹೆಸರಿನ ಬಾಲ ನೋಡಿಯೇ ಏನು ಮಾಡಬೇಕು ಅಂತ ತಿಳ್ಕೊಳ್ಳುತ್ತೆ. ಐವತ್ತು ಫೈಲ್ ಇದ್ದರೂ ಒಂದು ಸಣ್ಣ ಲೂಪ್ ಸಾಕು.

ಬ್ರೌಸರಿನಲ್ಲೇ ಮಾಡಿಕೊಡುವ ಸೈಟುಗಳು ಬೇಕಾದಷ್ಟಿವೆ. ಮದುವೆ ವಿಡಿಯೊದ ಸಾಲುಗಳಿಗೆ ಅಡ್ಡಿಯಿಲ್ಲ. ಆದರೆ ಆಫೀಸಿನ ಟ್ರೇನಿಂಗ್ ವಿಡಿಯೊ, ಕ್ಲೈಂಟ್ ಡೆಮೊ ಇಂಥದ್ದರ ಸಬ್‌ಟೈಟಲ್ ಅಲ್ಲಿ ಹಾಕೋ ಮೊದಲು ಯೋಚಿಸಿ. ಸಬ್‌ಟೈಟಲ್ ಫೈಲ್ ಅಂದ್ರೆ ಆ ವಿಡಿಯೊದಲ್ಲಿ ಆಡಿದ ಪ್ರತಿಯೊಂದು ಮಾತಿನ ಲಿಖಿತ ಪ್ರತಿ.

ಯಾವ ತೆರೆಗೆ ಯಾವುದು?

ಯೂಟ್ಯೂಬಿಗೆ ಎಸ್‌ಆರ್‌ಟಿ ಅಥವಾ ವಿಟಿಟಿ ಎರಡೂ ನಡೆಯುತ್ತೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಭಾಷೆ ಕನ್ನಡ ಅಂತ ಆರಿಸಿ, 'ಸಮಯ ಸಹಿತ' ಅನ್ನೋ ಆಯ್ಕೆ ಕೊಟ್ಟು ಫೈಲ್ ಅಪ್‌ಲೋಡ್ ಮಾಡಿ. ಅಡುಗೆ ಚಾನೆಲ್ ನಡೆಸುವ ಅತ್ತಿಗೆ, ಚಿಕ್ಕಮ್ಮಂದಿರಿಗೆ ಕನ್ನಡ, ಇಂಗ್ಲಿಷ್ ಎರಡು ಫೈಲ್ ಮಾಡಿಕೊಟ್ಟರೆ ಒಂದೇ ವಿಡಿಯೊ ಎರಡು ಬಗೆಯ ನೋಡುಗರಿಗೆ ತಲುಪುತ್ತೆ.

ನಿಮ್ಮದೇ ವೆಬ್‌ಸೈಟಿನಲ್ಲಿ ವಿಡಿಯೊ ಇದ್ದರೆ ವೆಬ್‌ವಿಟಿಟಿ. ಬೇರೆ ಮಾತೇ ಇಲ್ಲ.

ಪೆನ್‌ಡ್ರೈವಿನಲ್ಲಿ ಟಿವಿಗೆ ಹಾಕೋದಾದರೆ ಎಸ್‌ಆರ್‌ಟಿ. ವಿಡಿಯೊ ಫೈಲಿನ ಹೆಸರೂ ಸಬ್‌ಟೈಟಲ್ ಹೆಸರೂ ಅಕ್ಷರಶಃ ಒಂದೇ ಇರಲಿ, ಬಾಲ ಮಾತ್ರ ಬೇರೆ. ಕೆಲವು ಟಿವಿಗಳು ಯುಟಿಎಫ್-8 ಅಂತ ಗುರುತಿಸಲು ಫೈಲಿನ ತಲೆಯಲ್ಲಿ 'ಬಾಮ್' ಅನ್ನೋ ಮೂರು ಬೈಟಿನ ಗುರುತು ಕೇಳ್ತವೆ. ಇನ್ನು ಕೆಲವಕ್ಕೆ ಅದೇ ಕಸ, ಅದಿದ್ದರೆ ಮೊದಲ ಸಾಲು ನುಂಗಿಬಿಡ್ತವೆ. ನೋಟ್‌ಪ್ಯಾಡಿನಲ್ಲಿ 'ಯುಟಿಎಫ್-8' ಮತ್ತು 'ಬಾಮ್ ಸಹಿತ ಯುಟಿಎಫ್-8' ಅಂತ ಎರಡು ಆಯ್ಕೆ ಇವೆ. ಒಂದು ಕೆಲಸ ಮಾಡದಿದ್ದರೆ ಇನ್ನೊಂದು ಹಾಕಿ ನೋಡಿ. ಆಂಡ್ರಾಯ್ಡ್ ಟಿವಿಯಾದರೆ ವಿಎಲ್‌ಸಿ ಆ್ಯಪ್ ಹಾಕಿಕೊಂಡು ಅದರಲ್ಲೇ ವಿಡಿಯೊ ತೆರೆಯಿರಿ. ಡಬ್ಬಿ ಸಮಸ್ಯೆ ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತೆ.

ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಕು, ಇಲ್ಲವೇ ಫಾಂಟೇ ಇಲ್ಲದ ಹಳೇ ಟಿವಿಯಲ್ಲಿ ತೋರಿಸಬೇಕು ಅಂದರೆ ಉಳಿಯೋದು ಒಂದೇ ದಾರಿ, ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚು ಹಾಕಿಬಿಡೋದು. ಇದಕ್ಕೆ 'ಬರ್ನ್ ಇನ್' ಅಂತಾರೆ. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ಎಸ್‌ಆರ್‌ಟಿ ಸೇರಿಸಿ 'ಬರ್ನ್ ಇನ್' ಗುರುತು ಹಾಕಿದರೆ ಅಕ್ಷರ ಚಿತ್ರದ ಭಾಗವಾಗಿಬಿಡುತ್ತೆ. ಫಾಂಟ್ ಬೇಕಾಗಿರೋದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಷಷ್ಟ್ಯಬ್ದಿ ವಿಡಿಯೊಗೆ ಅವತ್ತು ಸಂಜೆ ಮಾಡಿದ್ದು ಇದನ್ನೇ. ದೊಡ್ಡಪ್ಪ ನಲವತ್ತು ನಿಮಿಷ ಎದ್ದೇಳಲಿಲ್ಲ. ನಡುವೆ ಒಂದು ಕಡೆ ಕಾಗುಣಿತ ತಪ್ಪಿದೆ ಅಂತ ಹೇಳಿದ್ದು ಬಿಟ್ಟರೆ ಮಾತೂ ಆಡಲಿಲ್ಲ.

ಆದರೆ ಬರ್ನ್ ಇನ್ ಮಾಡಿದ್ದನ್ನು ಆಮೇಲೆ ತೆಗೆಯೋಕೆ ಬರಲ್ಲ, ತಿದ್ದೋಕೆ ಬರಲ್ಲ, ಆಫ್ ಮಾಡೋಕೂ ಬರಲ್ಲ. ಹಾಗಾಗಿ ಅದು ಕೊನೆಯ ಉಪಾಯ. ಮೂಲ ವಿಡಿಯೊವನ್ನು ಬೇರೆಯಾಗಿ ಇಟ್ಟುಕೊಂಡೇ ಮಾಡಿ.

ಕನ್ನಡದಲ್ಲಿ ಬರೆಯುವಾಗ

ಇಂಗ್ಲಿಷ್ ಸಬ್‌ಟೈಟಲ್‌ಗೆ ನೆಟ್‌ಫ್ಲಿಕ್ಸ್ ಸಾಲಿಗೆ 42 ಅಕ್ಷರದ ಮಿತಿ ಇಟ್ಟುಕೊಂಡಿದೆ, ಸಾಲು ಎರಡೇ. ಆ ಸಂಖ್ಯೆಯನ್ನು ಕನ್ನಡಕ್ಕೆ ಕುರುಡಾಗಿ ಹಚ್ಚಬೇಡಿ. 'ಸ್ತ್ರೀ'ಯನ್ನು ಆರು ಅಂತ ಎಣಿಸುವ ತಂತ್ರಾಂಶ 'ಸಾಲು ಉದ್ದವಾಯ್ತು' ಅಂತ ಕೆಂಪು ಬಣ್ಣ ತೋರಿಸಿದರೂ ತೆರೆ ಮೇಲೆ ಜಾಗ ಇರಬಹುದು. ತೆರೆಯನ್ನೇ ನೋಡಿ ನಿರ್ಧರಿಸಿ. ಎರಡು ಸಾಲಿನ ನಡುವೆ ಸ್ವಲ್ಪ ಹೆಚ್ಚು ಅಂತರ ಬಿಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯದಿರಲಿ.

ಹಿರಿಯರಿಗೆ ಅಂತ ಬರೆಯುವಾಗ ಅವಸರ ಬೇಡ. ಸಾಲು ಓದಿ ಮುಗಿಸುವಷ್ಟು ಹೊತ್ತು ತೆರೆ ಮೇಲೆ ನಿಲ್ಲಬೇಕು. ಮಾತು ವೇಗವಾಗಿದ್ದರೆ ಪದ ಕಡಿಮೆ ಮಾಡಿ. ಕಿವಿ ಕೇಳದವರಿಗೆ 'ಬಾಗಿಲು ಬಡಿದ ಸದ್ದು', 'ನಾದಸ್ವರ' ಅಂತ ಆವರಣದಲ್ಲಿ ಒಂದು ಸೂಚನೆ ಕೊಟ್ಟರೆ, ಎಲ್ಲರೂ ಯಾಕೆ ತಿರುಗಿ ನೋಡಿದರು ಅಂತ ಅವರಿಗೂ ಗೊತ್ತಾಗುತ್ತೆ.

ಇನ್ನು, ಬೇರೆಯವರು ಬರೆದ ಸಬ್‌ಟೈಟಲ್ ಅವರ ದುಡಿಮೆ. ಫಾರ್ಮ್ಯಾಟ್ ಬದಲಿಸಿದ ಮಾತ್ರಕ್ಕೆ ಅದು ನಮ್ಮದಾಗಲ್ಲ. ಅದನ್ನು ಊರಿಗೆಲ್ಲ ಹಂಚುವ ಮೊದಲು ಒಪ್ಪಿಗೆ ಕೇಳಿ. ನಿಮ್ಮ ಕುಟುಂಬದ ವಿಡಿಯೊ, ನಿಮ್ಮ ಶಾರ್ಟ್ ಫಿಲ್ಮ್, ನಿಮ್ಮ ಚಾನೆಲ್ ಆದರೆ ಈ ಚಿಂತೆ ಇಲ್ಲ.

ಒಂದು ನೋಟಕ್ಕೆ

• ಮೂಲ ಪ್ರತಿಯನ್ನು ಯಾವಾಗಲೂ ಯುಟಿಎಫ್-8 ಎಸ್‌ಆರ್‌ಟಿಯಾಗಿ ಇಟ್ಟುಕೊಳ್ಳಿ. ಅದರಿಂದ ಉಳಿದ ಫಾರ್ಮ್ಯಾಟ್ ಮಾಡಿಕೊಳ್ಳಿ. ಕನ್ವರ್ಟ್ ಆದದ್ದನ್ನೇ ಮತ್ತೆ ಮತ್ತೆ ಕನ್ವರ್ಟ್ ಮಾಡಬೇಡಿ.

• ಡಬ್ಬಿ ಕಂಡರೆ ಫಾಂಟ್ ಇಲ್ಲ. ಪುಟ್ಟ ² ಮತ್ತು ³ ಕಂಡರೆ ಎನ್‌ಕೋಡಿಂಗ್ ತಪ್ಪಿದೆ. ಪ್ರಶ್ನಾರ್ಥಕ ಕಂಡರೆ ಮೂಲ ಪ್ರತಿ ಹುಡುಕಿ. ಪೌಂಡ್ ಚಿಹ್ನೆ ಕಂಡರೆ ಆಸ್ಕಿ. ಒತ್ತು ಬಿಡಿಯಾದರೆ ಪ್ಲೇಯರ್ ಬದಲಿಸಿ.

• ಅಂತರ ಉದ್ದಕ್ಕೂ ಒಂದೇ ಇದ್ದರೆ ಸಮಯ ಸರಿಸಿ. ಬೆಳೀತಾ ಹೋದರೆ ಫ್ರೇಮ್ ವೇಗ ನೋಡಿ.

• ಬ್ರೌಸರಿಗೆ ವಿಟಿಟಿ, ಟಿವಿಗೆ ಎಸ್‌ಆರ್‌ಟಿ, ವಾಟ್ಸ್‌ಆ್ಯಪಿಗೆ ಬರ್ನ್ ಇನ್.

• ಕೊಡುವ ಮೊದಲು, ಯಾವ ಸಾಧನದಲ್ಲಿ ನೋಡ್ತಾರೋ ಅದರಲ್ಲೇ ಶುರು, ನಡು, ಕೊನೆ ಮೂರು ಕಡೆ ಓಡಿಸಿ ನೋಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿ ಇದ್ದರೆ ಸಾಲದು.

ಐದು ನಿಮಿಷದ ವಿಡಿಯೊಗೆ ಸಬ್‌ಟೈಟಲ್ ಬರೆಯೋಕೆ ಒಂದು ಭಾನುವಾರದ ಬೆಳಗ್ಗೆ ಬೇಕಾಗಬಹುದು. ಫಾರ್ಮ್ಯಾಟ್ ಬದಲಿಸೋಕೆ ಒಂದು ನಿಮಿಷವೂ ಬೇಡ. ಮುಂದಿನ ಸಲ ಊರಿಗೆ ಹೋಗುವಾಗ ಮನೆಯ ಯಾವುದಾದರೂ ಒಂದು ಚಿಕ್ಕ ವಿಡಿಯೊದಿಂದ ಶುರು ಮಾಡಿ.